ಎರಡು ಸಲ ಬಿದ್ದ ಉಪ್ಪು

ಬೈರೂತ್,
ರಂಜಾನ್ ಹದಿನಾಲ್ಕು

ನನ್ನ ಮುದ್ದು ಅಮ್ಮಾ,

ನಮ್ಮೂರಿನ ವ್ಯಾನ್ ಡ್ರೈವರ್ ಕೈಲಿ ನೀನು ಕಳಿಸಿದ ಆಲಿವ್ ಡಬ್ಬಿ, ಕಾಗದ ಎರಡೂ ಸಿಕ್ಕವು. ಈ ಉತ್ತರವನ್ನೂ ಅವನ ಕೈಲೇ ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ಎತ್ತುವವರು ಅಪ್ಪ, ನನ್ನ ದನಿ ಕೇಳಿದ ಕೂಡಲೇ ಇಡುವವರೂ ಅಪ್ಪ. ಎರಡು ವರ್ಷವಾಯಿತು, ಸಾಕಾಗಿದೆ ನನಗೆ.

ತಲೆಯಲ್ಲಿ ನಾಲ್ಕು ಕೂದಲಿಲ್ಲದ ಅಪ್ಪ ದಿನಾ ಸಂಜೆ ಕ್ಷೌರದ ಅಂಗಡಿಗೆ ಯಾಕೆ ಹೋಗುತ್ತಾರೆ ಅಂತ ಕೇಳಿದ್ದೀಯ. ನನಗೇನು ಗೊತ್ತಮ್ಮ, ಅವರನ್ನೇ ಕೇಳು.

ನಾನು ಚೆನ್ನಾಗಿದ್ದೇನೆ. ಇದು ಧಾರ್ಮಿಕ ಚಳವಳಿಯವರ ಟಿವಿ ಚಾನೆಲ್, ಅಲ್ಲಿ ಕಾಲಿಟ್ಟರೆ ಮನೆ ಬಾಗಿಲು ಮುಚ್ಚಿತು ಅಂದುಕೋ ಅಂತ ಅಪ್ಪ ಕೂಗಾಡಿದ್ದರಲ್ಲ, ಇಲ್ಲಿ ನನ್ನನ್ನು ಯಾರೂ ನುಂಗಿಲ್ಲ. ಸಂಜೆ ಮುಖಂಡರ ಭಾಷಣ ಮುಗಿದು ಉಪವಾಸ ಬಿಡುವ ಹೊತ್ತಿನವರೆಗೆ ಅರ್ಧ ಗಂಟೆ ನನ್ನ ಅಡುಗೆಯ ನೇರಪ್ರಸಾರ. ಹಿನ್ನೆಲೆಯಲ್ಲಿ ಸಂಗೀತ ಇರಬಾರದು, ತೋಳು ಮಣಿಕಟ್ಟಿನ ತನಕ ಮುಚ್ಚಿರಬೇಕು, ಅಷ್ಟೇ. ಒಂದೇ ಕಷ್ಟ ಅಂದರೆ ರುಚಿ ನೋಡುವ ಹಾಗಿಲ್ಲ. ಇಡೀ ದೇಶ ಉಪವಾಸ ಕೂತು ನೋಡುವಾಗ ನಾನು ಕ್ಯಾಮೆರಾ ಮುಂದೆ ಸೌಟು ನೆಕ್ಕಿದರೆ ಮುಗಿಯಿತು ಕಥೆ.

ಮೊನ್ನೆ ಅಪ್ಪನ ಮುಜದ್ದರ ಮಾಡಿದೆ. ತಂಬಾಕು ಬೆಳೆಗಾರರ ಮುಷ್ಕರದಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಹಾಕಿದ್ದರಲ್ಲ, ಅದೇ. ಚನ್ನಂಗಿ ಬೇಳೆ ಬೆಂದ ಮೇಲೆ ಉಪ್ಪು ಹಾಕಿದೆ. ಗೋಧಿ ನುಚ್ಚು ಸುರಿದು, ಮಾತಾಡುತ್ತಾ ಮಾತಾಡುತ್ತಾ ಮತ್ತೊಮ್ಮೆ ಹಾಕಿದೆ. ಆಮೇಲೆ ಫೋನ್ ಕರೆಗಳು ಶುರುವಾದವು. ನಮ್ಮಲ್ಲಿ ಕರೆ ಮಾಡುವವರು ಮೊದಲು ಸಲಾಂ ಹೇಳಿ, ಚಳವಳಿಗೆ ಒಳಿತು ಹಾರೈಸಿ, ಹುತಾತ್ಮರನ್ನು ನೆನೆದು, ಆಮೇಲೆ ಬದನೆಕಾಯಿ ವಿಷಯಕ್ಕೆ ಬರುತ್ತಾರೆ. ಮೂರನೆಯವರು ಸಲಾಮೂ ಇಲ್ಲ ಹಾರೈಕೆಯೂ ಇಲ್ಲ, ನೇರವಾಗಿ, ಏನಮ್ಮಾ ಅದು, ಸಮುದ್ರಾನೇ ಸುರೀತಿದ್ದೀಯಾ, ಎರಡು ಸಲ ಹಾಕಿದೆಯಲ್ಲ ಅಂತ ಗದರಿದರು.

ಅಮ್ಮಾ, ಅದು ಅಪ್ಪ! ಗೊತ್ತಿಲ್ಲದವಳ ಹಾಗೆ ಹೆಸರು ಕೇಳಿದರೆ, ಟಿವಿ ನೋಡೋನು ಒಬ್ಬ, ಹೆಸರು ಕಟ್ಟಿಕೊಂಡು ಏನು ಮಾಡ್ತೀಯ, ಮೊದಲು ಇನ್ನೊಂದು ಹಿಡಿ ನುಚ್ಚು ಹಾಕು, ಬಿಸಿನೀರು ಹಾಕು ಅಂದರು. ಹಾಕಿದೆ. ಈರುಳ್ಳಿ ಇನ್ನೂ ಕಪ್ಪಾಗಲಿ, ಮನೇಲಿ ಯಾರೂ ಹೇಳಿಕೊಡಲಿಲ್ವಾ ಅಂದರು. ನಮ್ಮಪ್ಪ ಹೇಳಿಕೊಟ್ಟಿದ್ದರು, ನಾನೇ ಅವರ ಮಾತು ಕೇಳಲಿಲ್ಲ ಅಂದೆ. ಅದಕ್ಕೆ, ಅವನೊಬ್ಬ ಹಟಮಾರಿ ಮುದುಕ, ನೀನು ತಲೆ ಕೆಡಿಸ್ಕೋಬೇಡ, ಒಲೆ ಸಣ್ಣ ಮಾಡು ಅಂತ ಹೇಳಿ ಇಟ್ಟುಬಿಟ್ಟರು.

ನಿರ್ಮಾಪಕ ಹಾಜಿ ಮುನೀಫ್ ಬೈಯುತ್ತಾರೆ ಅಂದುಕೊಂಡೆ. ಉಪವಾಸ ಇದ್ದವರ ಕೈ ತಪ್ಪೋದು ಸಹಜ ಬಿಡಮ್ಮ ಅಂದರು. ಆ ಮುಂಗೋಪಿಯಿಂದ ದಿನಾ ಕರೆ ಮಾಡಿಸೋಕಾಗುತ್ತಾ ಅಂತಲೂ ಕೇಳಿದರು. ಪಾಪ, ಅವರು ಕೆಂಪು ಬಾವುಟದ ಪಕ್ಷದವರು ಅಂತ ಹಾಜಿಗೆ ಗೊತ್ತಿಲ್ಲ.

ಹಬ್ಬದ ದಿನ ಬೆಳಗಿನ ವ್ಯಾನಿಗೇ ಹೊರಟು ಬರುತ್ತೇನೆ. ಅಪ್ಪನ ಒಪ್ಪಿಗೆ ಕೇಳಬೇಡ, ಬೇಳೆ ನೆನೆಸಿಡು ಅಂತ ಮಾತ್ರ ಹೇಳು. ಅವರು ನೆನೆಸಿಟ್ಟರೆ ಬಾಗಿಲು ತೆರೆದ ಹಾಗೇ.

ಸಂತೋಷದಿಂದ ಕಣ್ಣೊರೆಸಿಕೊಳ್ಳುತ್ತಾ,
ನಿನ್ನ ರಿಹಾಬ್

ತಾ.ಕ.: ಕ್ಷೌರದ ಅಂಗಡಿಯ ಟಿವಿಯಲ್ಲಿ ದಿನವಿಡೀ ನಮ್ಮ ಚಾನೆಲ್ಲೇ ಓಡುತ್ತದಮ್ಮ. ನಿನ್ನ ಕಾಗದ ಓದಿದ ಮರುದಿನವೇ ನಾನು ಮುಜದ್ದರ ಮಾಡಿದ್ದು. ನಾನು ಯಾವ ಚಾನೆಲ್ಲಲ್ಲಿದ್ದರೂ ಅಪ್ಪ ಹೇಗೋ ಸಹಿಸಿಕೊಂಡಾರು, ಮುಜದ್ದರ ಕೆಡಿಸಿದರೆ ಮಾತ್ರ ಸುಮ್ಮನಿರಲಾರರು. ಎರಡನೇ ಉಪ್ಪನ್ನು ಬೇಕೆಂದೇ ಹಾಕಿದೆ. ಅವರಿಗೆ ಹೇಳಬೇಡ.