ಸಮನ್ಸು ನಿಜದ್ದು, ರುದ್ರವ್ವಾಯಿ

ಇಬ್ರಾಹಿಂಪುರ, ವಿಜಯಪುರ
ಸೋಮವಾರ, 9 ಜೂನ್ 2025

ತಿಕೋಟಾ ಸೀಮೆಯ ಸಮಸ್ತ ಒಣದ್ರಾಕ್ಷಿ ಶೆಡ್ಡುಗಳ ಅಧಿದೇವತೆ, ಹದಿನಾಲ್ಕು ಹೆಣ್ಣಾಳುಗಳ ಮಹಾದಂಡನಾಯಕಿ, ಕಸ ಕಡ್ಡಿ ಕಲ್ಲುಗಳ ಸಂಹಾರಿಣಿ, ಒಂದೇ ನೋಟಕ್ಕೆ ಹಸಿರು ಮನುಕ, ಕಪ್ಪು ಮನುಕ ಮತ್ತು ಸೋಮಾರಿ ಹುಡುಗರನ್ನು ಬೇರೆ ಬೇರೆ ಗುಂಪಿ ಹಾಕಬಲ್ಲ ಶ್ರೀಮತಿ ರುದ್ರವ್ವನವರ ದಿವ್ಯ ಪಾದಗಳಿಗೆ ರಾಜರತ್ನನೆಂಬ ಅಪರಾಧಿಯ ಸಾಷ್ಟಾಂಗ ನಮಸ್ಕಾರಗಳು. ಎಂಟು ಅಂಗಗಳಲ್ಲಿ ಎಡಗಾಲು ಸದ್ಯ ದಿಂಬಿನ ಮೇಲೆ ರಜೆಯಲ್ಲಿರುವುದರಿಂದ ಏಳರ ನಮಸ್ಕಾರವನ್ನೇ ಪೂರ್ತಿ ಎಂದು ಸ್ವೀಕರಿಸಬೇಕಾಗಿ ವಿನಂತಿ.

ಇಲ್ಲಿಗೆ 'ತಾವು' ಸಾಕು ಆಯಿ. ಇನ್ನು ಮುಂದೆ 'ನೀನು'.

ಈ ಪತ್ರವನ್ನು ನಿನ್ನ ಮೊಮ್ಮಗಳು ಮಾಲಾ ಓದುತ್ತಿದ್ದಾಳೆಂದು ನನಗೆ ಗೊತ್ತು. ಮಾಲಾ, ನೀನು ಒಂಬತ್ತನೆಯ ಇಯತ್ತೆ ಪಾಸಾದವಳು, ಸಾಲು ಹಾರಿಸಬೇಡ. ಆಯಿ "ಸಾಕು, ಒಲಿಗೆ ಹಾಕು" ಅಂದರೂ ಓದು. ಫೋನು ಮಾಡಿದರೆ ಆಕೆ ಎತ್ತುವುದಿಲ್ಲ, ಎತ್ತಿದರೂ ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಬೈದು ಇಡುತ್ತಾಳೆ. ಕಾಗದಕ್ಕೆ ಆ ಭಯವಿಲ್ಲ. ಎಷ್ಟು ಬೈದರೂ ಅದು ಕೊನೆಯ ಸಾಲಿನವರೆಗೆ ಮಾತಾಡುತ್ತಲೇ ಇರುತ್ತದೆ.

ಗುರುವಾರ ನಿನ್ನ ಮನೆಯ ಮುಂದೆ ನಡೆದದ್ದನ್ನು ಆಟೋ ಇಮ್ರಾನ ನನಗೆ ಸವಿಸ್ತಾರವಾಗಿ ಹೇಳಿದ. ಕೋರ್ಟಿನ ಬೇಲೀಫರು ನಿನ್ನ ಹೆಸರಿಗೆ ಸಮನ್ಸು ತಂದರಂತೆ. ನೀನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ವೇಷಕ್ಕ ರಾಜ್ಯಾ ಎಷ್ಟ ಕೊಟ್ಟಾನ ನಿನಗ?" ಎಂದು ಕೇಳಿದೆಯಂತೆ. ಅವರು ತಾವು ಸರಕಾರಿ ಮನುಷ್ಯರೆಂದು ಹೇಳಿ ಕೊರಳಿನ ಕಾರ್ಡು ತೋರಿಸಿದರೆ, ನೀನು ಕಾರ್ಡು ಬಿಟ್ಟು ಅವರ ಮೀಸೆಯನ್ನೇ ಜಗ್ಗಿ ನೋಡಿದೆಯಂತೆ. ಇಪ್ಪತ್ತಾರು ವರ್ಷ ನೌಕರಿ ಮಾಡಿದ ಆ ಬಡಪಾಯಿ ಬಾಗಿಲಿಗೆ ನಾಯಿ ಬಿಟ್ಟವರನ್ನು ಕಂಡಿದ್ದರು, ಮೀಸೆ ಪರೀಕ್ಷೆ ಮಾಡಿದವರನ್ನು ಕಂಡಿರಲಿಲ್ಲ. ಕಾಗದ ಇಟ್ಟು, ಚಹಾ ಕುಡಿಯದೆ ಹೋದರು. ಅದೀಗ ನಿನ್ನ ಹಪ್ಪಳದ ಡಬ್ಬಿಯ ತಳದಲ್ಲಿ ಹಾಸಿದೆ ಎಂದು ಇಮ್ರಾನನ ವರದಿ.

ಆಯಿ, ಆ ಸಮನ್ಸು ನಿಜದ್ದು. ಅವರ ಮೀಸೆಯೂ ನಿಜದ್ದು.

ತಪ್ಪು ನಿನ್ನದಲ್ಲ. ಹೋದ ವರ್ಷ 'ಅಖಿಲ ಕರ್ನಾಟಕ ಮನುಕ ಮಹಾಮಂಡಳ'ದ ಹೆಸರಿನಲ್ಲಿ ನಿನಗೆ 'ದ್ರಾಕ್ಷಿ ರತ್ನ' ಬಿರುದು ಬಂದಿದೆಯೆಂದು ಪತ್ರ ಕಳಿಸಿದವನು ನಾನೇ. ಸಹಿಯ ಕೆಳಗೆ ಒತ್ತಿದ ಗುಂಡು ಶಿಕ್ಕಾ ಔಷಧದ ಬಾಟಲಿಯ ಮುಚ್ಚಳದ್ದು. ನೀನು ಇಳಕಲ್ಲ ಸೀರೆ ಉಟ್ಟು, ಹದಿನಾಲ್ಕು ಹೆಂಗಸರನ್ನು ಎರಡು ಟಮ್‌ಟಮ್‌ನಲ್ಲಿ ತುಂಬಿಕೊಂಡು ಬಬಲೇಶ್ವರದ ಕಲ್ಯಾಣ ಮಂಟಪಕ್ಕೆ ಹೋದೆ. ಅಲ್ಲಿ ಯಾರದೋ ಮದುವೆ ನಡೆದಿತ್ತು. ನೀನು ನೇರವಾಗಿ ವೇದಿಕೆ ಹತ್ತಿದ ರೀತಿಗೆ ವರನ ಕಡೆಯವರು ಯಾರೋ ದೊಡ್ಡ ಬೀಗತಿ ಬಂದಳೆಂದು ಶಾಲು ಹೊದಿಸಿದರು. ಹಾಗೆ ನೋಡಿದರೆ ಸನ್ಮಾನ ಆದದ್ದೇ ಆಯಿತು, ಊಟವೂ ಚೆನ್ನಾಗಿತ್ತೆಂದು ಕೇಳಿದ್ದೇನೆ. ಆದರೆ ಅಂದು ಮರಳಿ ಬರುವಾಗ ನೀನು ಒಂದು ಮಾತೂ ಆಡಲಿಲ್ಲವೆಂದು ಮಾಲಾ ಹೇಳಿದಳು. ಆ ಮಾತಿಗೆ ಮಾತ್ರ ನನಗೆ ನಗೆ ಬರಲಿಲ್ಲ. ಕ್ಷಮೆ ಕೇಳಬೇಕೆಂದುಕೊಂಡೆ. ನನ್ನ ಮುಖ ನೋಡಿದರೆ ಅದೂ ಚೇಷ್ಟೆಯೆನಿಸುತ್ತದೆಂದು ಮುಂದೂಡಿದೆ. ಈಗ ಕೇಳುತ್ತೇನೆ, ಮುಖ ಕಾಣದ ಅನುಕೂಲವಿದೆ. ತಪ್ಪಾಯಿತು ಆಯಿ.

ಇನ್ನು ಕೇಸಿನ ಮಾತು.

ಶೆಡ್ಡಿನ ಅಟ್ಟಕ್ಕೆ ಹೋಗುವ ಕಬ್ಬಿಣದ ಏಣಿಯ ನಾಲ್ಕನೆಯ ಮೆಟ್ಟಿಲು ಹೇಗಿತ್ತೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದರ ಒಂದು ತುದಿ ಬಿಟ್ಟಿದೆ, ವೆಲ್ಡಿಂಗ್ ಮಾಡಿಸಿ ಎಂದು ಶಂಕ್ರೆಪ್ಪ ಸಾಹುಕಾರರಿಗೆ ನೀನೇ ಹೇಳಿದ್ದೆ. ಸೀಜನ್ ಮುಗಿದ ಮೇಲೆ ನೋಡೋಣ ಎಂದವರು, ಅಲ್ಲಿಯವರೆಗೆ ಏನೂ ಆಗದಿರಲೆಂದು ಅಮಾವಾಸ್ಯೆಗೊಮ್ಮೆ ಆ ಮೆಟ್ಟಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸುತ್ತಿದ್ದರು. ಕಟ್ಟುತ್ತಿದ್ದವಳೂ ನೀನೇ. ಹಾಗೆ ನಮ್ಮ ಶೆಡ್ಡಿನಲ್ಲಿ ತಂತಿ ಕಿತ್ತ ಸ್ವಿಚ್ಚಿಗೆ ಒಂದು, ವಾಲಿದ ರ್ಯಾಕಿಗೆ ಒಂದು, ಏಣಿಗೆ ಒಂದು ಲಿಂಬೆಹಣ್ಣು. ರಿಪೇರಿಯ ಕೆಲಸವೆಲ್ಲ ಲಿಂಬೆಹಣ್ಣುಗಳಿಗೇ ಗುತ್ತಿಗೆ ಕೊಟ್ಟಂತೆ.

ಮಾರ್ಚ್ ಹನ್ನೊಂದರ ಮಧ್ಯಾಹ್ನ, ಹೆಗಲ ಮೇಲೆ ಮನುಕದ ಕ್ರೇಟು ಹೊತ್ತು ಆ ಮೆಟ್ಟಿಲ ಮೇಲೆ ಕಾಲಿಟ್ಟೆ. ಲಿಂಬೆಹಣ್ಣು ಗಟ್ಟಿ ನಿಂತಿತು, ಮೆಟ್ಟಿಲು ಕಿತ್ತು ಬಂತು. ನಾನು ಕೆಳಗೆ ಬಿದ್ದು ಯವ್ವಾ ಎಂದು ಒದರಿದರೆ ನೀವೆಲ್ಲ ಚಪ್ಪಾಳೆ ಹೊಡೆದಿರಿ. ಹೊಡೆಯದೆ ಏನು ಮಾಡುತ್ತೀರಿ? ಅದೇ ತಿಂಗಳಲ್ಲಿ ಒಮ್ಮೆ ಚೇಳು ಕಡಿಯಿತೆಂದೂ ಒಮ್ಮೆ ಸೊಂಟ ಮುರಿಯಿತೆಂದೂ ಬಿದ್ದು ಹೊರಳಾಡಿದ್ದವನು ನಾನು. "ಏಳಲೇ ಮಂಗ್ಯಾ, ಚೆಲ್ಲಿದ ಮನುಕ ಆರಿಸ ಮೊದಲ" ಎಂದೆ ನೀನು. ಆಮೇಲೆ ಹತ್ತಿರ ಬಂದು ನನ್ನ ಪಾದ ತಿರುಗಿದ ದಿಕ್ಕು ನೋಡಿದೆ. ತಲೆಯ ವಸ್ತ್ರ ಬಿಚ್ಚಿ ಕಾಲಿಗೆ ಕಟ್ಟಿದೆ. ಅಷ್ಟರಲ್ಲಿ ಸಾಹುಕಾರರು ನನ್ನನ್ನು ಟೆಂಪೋದಲ್ಲಿ ಹಾಕಿ, ದವಾಖಾನೆ ಬಿಟ್ಟು ಎಲುಬು ಕಟ್ಟುವವರೊಬ್ಬರ ಹತ್ತಿರ ಕಳಿಸಿದರು. ಅವರು ಬರೀ ಉಳುಕೆಂದು ಎಣ್ಣೆ ಹಚ್ಚಿದರು. ಮರುದಿನ ನಮ್ಮಪ್ಪ ವಿಜಯಪುರದ ದವಾಖಾನೆಗೆ ಒಯ್ದ ಮೇಲೆ ತಿಳಿಯಿತು, ಎಲುಬು ಎರಡು ಕಡೆ ಮುರಿದಿದೆ ಎಂದು. ಈಗ ಒಳಗೆ ರಾಡು ಇದೆ. ಭಾರ ಹೊರುವ ಕೆಲಸ ಇನ್ನು ಈ ಕಾಲಿಗಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ನಿಮಗೆಲ್ಲ ಸಾಹುಕಾರರು, ರಾಜ್ಯಾ ವಿಜಾಪುರದಲ್ಲಿ ಕುಣಿದಾಡಿಕೊಂಡಿದ್ದಾನೆ ಎಂದು ಹೇಳಿದ್ದಾರಂತೆ. ನೀವು ನಂಬಿದ್ದೀರಿ. ನಾನಾಗಿದ್ದರೂ ನಂಬುತ್ತಿದ್ದೆ.

ನಮ್ಮ ವಕೀಲರು ಜೋರಾಪುರ ಪೇಟೆಯ ವಿದ್ಯಾವತಿ ಮೇಡಂ. ನಗುವುದಿಲ್ಲ. ಮೂರು ಸಲ ಪ್ರಯತ್ನಿಸಿ ಕೈಬಿಟ್ಟೆ. ಕೆಲಸದ ಮೇಲಿದ್ದಾಗ ಬಿದ್ದು ಪೆಟ್ಟಾದರೆ ಮಾಲೀಕ ಪರಿಹಾರ ಕೊಡಲೇಬೇಕು, ಅದು ಧರ್ಮವಲ್ಲ, ಕಾನೂನು ಎಂದು ನಮ್ಮಪ್ಪನಿಗೆ ತಿಳಿಸಿ ಹೇಳಿದರು. ಸಾಹುಕಾರರು ಕೋರ್ಟಿಗೆ ಕೊಟ್ಟ ಉತ್ತರವನ್ನು ಓದಿ ತೋರಿಸಿದರು. ಮೊದಲನೆಯ ಪುಟದಲ್ಲಿ ಸದರಿ ರಾಜರತ್ನನು ತಮ್ಮ ಕೆಲಸಗಾರನೇ ಅಲ್ಲ ಎಂದಿದೆ. ಎರಡನೆಯ ಪುಟದಲ್ಲಿ ಅವನು ಕೆಲಸಕ್ಕೆ ತಡವಾಗಿ ಬರುತ್ತಿದ್ದ ಎಂದಿದೆ. ಮೂರನೆಯದರಲ್ಲಿ, ಏಣಿ ಭದ್ರವಾಗಿತ್ತು, ಅವನು ಹೆಂಗಸರನ್ನು ನಗಿಸಲು ಬೇಕಂತಲೇ ಬಿದ್ದ ಎಂದಿದೆ.

ಆ ಮೂರನೆಯ ಪುಟವನ್ನು ಎರಡು ಸಲ ಓದಿಸಿಕೊಂಡೆ ಆಯಿ. ಅದು ಸುಳ್ಳು, ಆದರೆ ನಾನೇ ಕೈಯಾರೆ ಬರೆದುಕೊಟ್ಟಂಥ ಸುಳ್ಳು.

ಲಿಂಬೆಹಣ್ಣಿನ ಸಂಗತಿಯನ್ನು ನಗಿಸಲೆಂದೇ ಮೇಡಂಗೆ ಹೇಳಿದ್ದೆ. ಅವರು ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳು ಎಂದರು. ಆಮೇಲೆ ತಮ್ಮಷ್ಟಕ್ಕೇ ಅಂದರು: "ಭದ್ರ ಇದ್ದ ಮೆಟ್ಟಲಕ್ಕ ಯಾರರೆ ಲಿಂಬಿಹಣ್ಣ ಕಟ್ಟಸ್ತಾರೇನು?" ಅದು ಮುರಿದಿದೆಯೆಂದು ಸಾಹುಕಾರರಿಗೆ ಗೊತ್ತಿತ್ತು, ತಿಂಗಳಿಗೊಮ್ಮೆ ಗೊತ್ತಿತ್ತು, ಕಟ್ಟಿದವಳು ಇದ್ದಾಳೆ. ಹೀಗೆ ನಿನಗೆ ಸಮನ್ಸು ಬಂದದ್ದು.

ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ, ಕೊಡಲೂಬಾರದಂತೆ. ನೀನು ಕಂಡದ್ದನ್ನು ಹೇಳು. ನಾನು ಎರಡು ಸಲ ಸುಳ್ಳು ಸುಳ್ಳು ಬಿದ್ದದ್ದನ್ನೂ ಹೇಳು, ಬೈಯುತ್ತಲೇ ಹೇಳು. ಮುಂದಿನ ಸೀಜನ್ನಿಗೆ ಸಾಹುಕಾರರು ನಿನ್ನ ಗುಂಪನ್ನು ಕರೆಯಲಿಕ್ಕಿಲ್ಲ ಎಂಬ ಅಂಜಿಕೆ ಇರಬಹುದು. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಮೊನ್ನೆ ಇಮ್ರಾನ ಮನುಕದ ಬಾಡಿಗೆಗೆ ಶೆಡ್ಡಿಗೆ ಹೋಗಿ ಬಂದ. ಆ ಮೆಟ್ಟಿಲನ್ನು ತಂತಿಯಿಂದ ಬಿಗಿದು ಹೊಸ ಲಿಂಬೆಹಣ್ಣು ಕಟ್ಟಿದ್ದಾರಂತೆ. ಈಗ ಕ್ರೇಟು ಹೊತ್ತು ಹತ್ತುತ್ತಿರುವವಳು ನಿನ್ನ ಸೊಸೆ.

ನನ್ನ ಮಾತು ನಂಬಬೇಡ. ಡಬ್ಬಿಯಿಂದ ಸಮನ್ಸು ತೆಗೆದು, ಹಪ್ಪಳದ ಹಿಟ್ಟು ಒರೆಸಿ, ಸಾಲಿಯ ಮಾಸ್ತರರಿಗೆ ತೋರಿಸು. ಅದರ ಮೇಲಿನ ಶಿಕ್ಕಾ ಬಾಟಲಿಯ ಮುಚ್ಚಳದ್ದಲ್ಲ, ಅಷ್ಟು ಚೆಂದ ನನಗೆ ಬರುವುದಿಲ್ಲ. ತಾರೀಖು ಇದೇ ಶುಕ್ರವಾರ, ಹದಿಮೂರು, ಬೆಳಿಗ್ಗೆ ಹನ್ನೊಂದಕ್ಕೆ. ಇಮ್ರಾನ ಒಂಬತ್ತಕ್ಕೆ ನಿನ್ನ ಬಾಗಿಲಿಗೆ ಬರುತ್ತಾನೆ. ಅವನ ಮೀಸೆ ಜಗ್ಗಬೇಡ, ಈಗಷ್ಟೇ ಬರುತ್ತಿದೆ.

ಇಂತಿ ನಿನ್ನ ಮಂಗ್ಯಾ,
ಒಂದು ರಾಡಿನ, ಎರಡು ಬಗಲುಗೋಲುಗಳ ಏಕಮೇವ ಒಡೆಯ,
ರಾಜರತ್ನ ಭಾಗಪ್ಪ

ತಾ.ಕ.: ಮಾಲಾ, ಇದನ್ನು ಮೆಲ್ಲಗೆ ಓದು, ಆಯಿಯ ಕೈಯಲ್ಲಿ ಹಪ್ಪಳ ಲಟ್ಟಿಸುವ ಲತ್ತುಗುಣಿ ಇದ್ದರೆ ದೂರ ಕುಳಿತು ಓದು. ಆಯಿ, ನಾನು ಬಿದ್ದದ್ದನ್ನು ನಮ್ಮ ಶೆಡ್ಡಿನ ಹುಡುಗ ಗೌತಮ ತನ್ನ ಫೋನಿನಲ್ಲಿ ವಿಡಿಯೋ ಮಾಡಿದ್ದನಂತೆ, ಇದೂ ನನ್ನ ನಾಟಕವೆಂದುಕೊಂಡು. ಕ್ರೇಟು, ಮೆಟ್ಟಿಲು, ಕೆಳಗೆ ನೀನು ಬೈದದ್ದು, ಎಲ್ಲ ಅದರಲ್ಲಿದೆ. ಶನಿವಾರ ಅದನ್ನು ಮೇಡಂಗೆ ತಂದುಕೊಟ್ಟ. ನಿನ್ನೆ ಸಾಹುಕಾರರ ವಕೀಲರು ಅದನ್ನು ನೋಡಿ, ಶುಕ್ರವಾರ ಎಲ್ಲವನ್ನೂ ಒಪ್ಪಿ ಬರೆದುಕೊಡುತ್ತೇವೆ, ಏಣಿಯನ್ನೂ ಬದಲಾಯಿಸುತ್ತೇವೆ ಎಂದಿದ್ದಾರಂತೆ. ಅಂದರೆ ನಿನ್ನ ಸಾಕ್ಷಿ ಬೇಕಾಗಲಿಕ್ಕೇ ಇಲ್ಲ. ಇದನ್ನು ಮೊದಲನೆಯ ಸಾಲಿನಲ್ಲೇ ಬರೆದಿದ್ದರೆ ನೀನು ಬರುತ್ತಿರಲಿಲ್ಲ. ಇಲ್ಲಿ ಎಲ್ಲರೂ ನನ್ನ ಕಾಲು ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಮೂರು ತಿಂಗಳಾಯಿತು ಆಯಿ, ಒಬ್ಬರೂ ನನ್ನನ್ನು ಎದುರು ನಿಂತು ಸರಿಯಾಗಿ ಬೈದಿಲ್ಲ.