ಅಮ್ಮನಿಗೊಂದು ದೊಡ್ಡ ಪರದೆ

ವರ್ಕ್‌ಶಾಪಿನಿಂದ,
ಒಂಬತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಕಾಗದ ಬರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನನ್ನು ಈ ವಯಸ್ಸಿನಲ್ಲಿ ಪೆನ್ನು ಹಿಡಿದು ಕೂರುವ ಹಾಗೆ ಮಾಡಿದ್ದೀಯ. ತಪ್ಪಿದ್ದರೆ ತಿದ್ದಿಕೊಂಡು ಓದು, ನಗಬೇಡ. ಹೇಗಿದ್ದೀಯ? 'ಆರಾಮಾಗಿದೀನಪ್ಪಾ' ಎಂದು ಫೋನಿನಲ್ಲಿ ಹೇಳಿ ಹೇಳಿ ಆ ಮಾತೇ ಸವೆದುಹೋಗಿದೆ. ಸೇತುವೆಯ ಮೇಲೆ ನೇತಾಡಿ ವೆಲ್ಡಿಂಗ್ ಮಾಡುವವಳು, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಇಲ್ಲಿ ನನ್ನ ಮಂಡಿ, ನಿನ್ನ ಅಮ್ಮನ ಬಾಯಿ, ಎರಡೂ ಮೊದಲಿನಂತೆಯೇ ಇವೆ.

ಅವಳ ಕಣ್ಣು ಮಾತ್ರ ಮಂಜಾಗಿದೆ. ಲ್ಯಾಪ್‌ಟಾಪಿನಲ್ಲಿ ನೀನು ಬೆರಳುದ್ದ ಕಾಣುತ್ತೀಯಂತೆ. ಅದಕ್ಕೆಂದು ನೀನು ಕಳಿಸಿದ ದೊಡ್ಡ ಮಾನಿಟರು ಭಾನುವಾರ ಬಂತು. ಗಟ್ಟಿಯಾಗಿ ನಿಲ್ಲಲಿ ಎಂದು ನಾನೇ ಕಬ್ಬಿಣದ ಪಟ್ಟಿ ಬೆಸೆದು ಸ್ಟ್ಯಾಂಡ್ ಮಾಡಿ ಬಿಗಿದೆ. ವೈರು ಚುಚ್ಚಿದರೆ 'ಸಿಗ್ನಲ್ ಇಲ್ಲ' ಎಂದು ತೋರಿಸಿ ಕಪ್ಪಗೆ ಮಲಗಿತು. ಪಕ್ಕದಲ್ಲೊಂದು ಮಾನಿಟರು ಇದೆಯೆಂಬ ಪ್ರಜ್ಞೆಯೇ ಲ್ಯಾಪ್‌ಟಾಪಿಗೆ ಇಲ್ಲ. ಎರಡನ್ನೂ ಆರಿಸಿ ಹಚ್ಚಿದೆ. ಮಾನಿಟರಿನ ಹೊಟ್ಟೆಯಡಿಯ ಗುಂಡಿ ಒತ್ತಿ ಎಚ್‌ಡಿಎಂಐಗೆ ತಿರುಗಿಸಿದೆ. ಅಂಗಡಿಯವನು ಫೋನಿನಲ್ಲಿ 'ವೈರು ಹೋಗಿರಬೇಕು ಯಜಮಾನ್ರೇ, ಹೊಸದು ತಗೊಳ್ಳಿ' ಅಂದ. ಅದೇ ವೈರನ್ನು ಪಕ್ಕದ ಮನೆಯ ಟೀವಿಗೆ ಹಾಕಿದರೆ ಲ್ಯಾಪ್‌ಟಾಪಿನ ನೀಲಿ ಮುಖ ಜಮ್ಮನೆ ಬಂತು. ನಮ್ಮಲ್ಲಿ ಮತ್ತೆ ಕತ್ತಲೆ. ನಾನು ಬೈಯುತ್ತಿದ್ದೆ, ನಿನ್ನ ಅಮ್ಮ ಹಿಂದೆ ಕೈ ಹಾಕಿ ವೈರಿನ ಬುಡ ತಡವಿ, 'ನೀವು ಮಾಡೋ ಗೇಟಿನ ಥರಾನೇ ಇದೂ, ಪೂರ್ತಿ ಮುಚ್ಚಲ್ಲ' ಅಂದಳು. ನೋಡಿದರೆ ನಿಜ. ನನ್ನ ಸ್ಟ್ಯಾಂಡಿನ ಪಟ್ಟಿ ಅಡ್ಡ ಬಂದು ಪಿನ್ನು ಪೂರ್ತಿ ಒಳಗೆ ಹೋಗಿರಲಿಲ್ಲ. ಗ್ರೈಂಡರಿನಲ್ಲಿ ಪಟ್ಟಿ ಸವೆಸಿ ಒತ್ತಿದೆ. ಟಕ್ ಎಂದು ಕೂತಿತು, ಬೆಳಕು ಬಂತು. ಅವಳು ಕನ್ನಡಕ ತರಲು ಒಳಗೆ ಓಡಿದಳು.

ಬೆಲ್ಟು ಕಟ್ಟಿಕೊಳ್ಳದೆ ಮೇಲೆ ಹತ್ತಬಾರದೆಂದು ನಿನಗೆ ಕಲಿಸಿದವನು ನಾನು. ನೆನಪಿದೆಯಷ್ಟೆ? ದೇವರು ನಿನ್ನನ್ನು ಕಾಯಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇದಕ್ಕೇ ಬರೆದದ್ದು. ಮಾನಿಟರು ಹತ್ತಿದ ಖುಷಿಗೆ ನೀನು ಹೋದ ವಾರ ಕಳಿಸಿದ ಫೋಟೋ ತೆರೆದೆ. ಲ್ಯಾಪ್‌ಟಾಪಿನಲ್ಲಿ ನಿನ್ನ ನಗುವಷ್ಟೇ ಕಂಡಿತ್ತು. ಈಗ ಹಿಂದೆ ಮಂಚಕ್ಕೆ ಒರಗಿಸಿದ ಎರಡು ಊರುಗೋಲು ಕಂಡವು. ಅವಳು ಕನ್ನಡಕ ಹಾಕಿಕೊಂಡು ಬರುವಷ್ಟರಲ್ಲಿ ವೈರು ಕಿತ್ತು, 'ಮತ್ತೆ ಕೆಟ್ಟಿತು ಕಣೇ' ಅಂದೆ. ಅಂದಿನಿಂದ ಅವಳು ಆ ಕಪ್ಪು ಗಾಜು ಒರೆಸುತ್ತ ಕೂತಿದ್ದಾಳೆ, ನಾನು ಹಿಂದೆ ಸುಮ್ಮಸುಮ್ಮನೆ ಸ್ಕ್ರೂ ತಿರುಗಿಸುತ್ತಿದ್ದೇನೆ. ಮನೆಗೆ ಇರುವುದೊಂದೇ ಫೋನು, ಅದು ಅವಳ ಕೈ ಬಿಟ್ಟು ಕದಲುವುದಿಲ್ಲ. ಕಾಲಿಗೆ ಏನಾಯಿತು? ಸುಳ್ಳು ಬೇಡ. ವರ್ಕ್‌ಶಾಪಿನ ವಿಳಾಸಕ್ಕೆ ಬರೆ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.