ಹೇಂಟೆಯ ಕೂಗು

ಬ್ರೈಯರ್ ಫೋರ್ಕ್, ಮಿಸ್ಸೂರಿ
ಸೋಮವಾರ, ಮಾರ್ಚ್ ೩೦, ೨೦೦೯

ಮುದ್ದಿನ ತಮ್ಮ ಲಾನಿಗೆ,

ಹೇಗಿದ್ದೀಯೋ? ನೆಬ್ರಾಸ್ಕದ ಆ ಸಕ್ಕರೆ ಕಾರ್ಖಾನೆಯಲ್ಲೇ ಇದ್ದೀಯೋ, ಅಲ್ಲಿಂದಲೂ ಎದ್ದು ಹೋದೆಯೋ? ಬೆನ್ನುನೋವು ಕಡಿಮೆಯಾಯಿತೆ? ಚಳಿಗಾಲದಲ್ಲಿ ನಿನಗೆ ಹಿಡಿಯುವ ಕೆಮ್ಮು ಈ ಸಲವೂ ಬಂದಿರಬೇಕು. ಈರುಳ್ಳಿ ಬೇಯಿಸಿದ ನೀರಿಗೆ ಜೇನು ಬೆರೆಸಿ ಕುಡಿ, ಮೂಗು ಮುರಿಯಬೇಡ. ಹಿಂದೆ ಬರೆದ ಎರಡು ಕಾಗದಗಳೂ ‘ವಿಳಾಸದಾರರು ಇಲ್ಲಿಲ್ಲ’ ಎಂಬ ಮುದ್ರೆ ಹೊತ್ತು ತಿರುಗಿ ಬಂದವು. ಇದಕ್ಕೂ ಅದೇ ಗತಿ ಇರಬಹುದು. ಆದರೂ ಬರೆಯದೆ ಇರಲಾರೆ.

ನಾನು ಇದ್ದೇನೆ. ಎಡದವಡೆ ಈಗಲೂ ಪೂರ್ತಿ ತೆರೆಯುವುದಿಲ್ಲ, ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಕೆನ್ನೆಯೊಳಗೆ ಉಳಿದ ಬಂದೂಕಿನ ಒಂದು ಚರೆ ಚಳಿ ಬಂದಾಗ ಕೊರೆಯುತ್ತದೆ, ಅಷ್ಟೇ. ಇದನ್ನು ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ; ಕೇಳುವವರಿಲ್ಲದೆ ಬಹಳ ದಿನವಾಯಿತು, ಅದಕ್ಕೆ.

ಅಮ್ಮ ಹೋದಳು ಲಾನಿ. ಜನವರಿ ಹತ್ತೊಂಬತ್ತಕ್ಕೆ. ಎದೆಗೆ ಕಫ ಕಟ್ಟಿ ಒಂಬತ್ತು ದಿನ ಮಲಗಿದ್ದಳು. ನೆಲ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಲು ಎರಡು ದಿನ ಹಿಡಿಯಿತು. ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಕಾರ್ಖಾನೆಗೆ ಫೋನು ಮಾಡಿದ್ದೆ. ಆ ಹೆಸರಿನವರು ಈಗ ಇಲ್ಲಿಲ್ಲ, ಗೊತ್ತಾದರೆ ತಿಳಿಸುತ್ತೇವೆ ಅಂದರು. ಸುಳ್ಳು ಹೇಳಿ ನಿನಗೆ ಸಮಾಧಾನ ಮಾಡಲಾರೆ: ಕೊನೆಯವರೆಗೂ ನಿನ್ನ ಹೆಸರು ಅವಳ ಬಾಯಿಗೆ ಬರಲಿಲ್ಲ. ಗೋಡೆಯ ಮೇಲಿನ ನಿನ್ನ ಫೋಟೋ ಮೂರು ವರ್ಷದ ಹಿಂದೆ ಅವಳು ತಿರುಗಿಸಿಟ್ಟ ಹಾಗೇ ಇತ್ತು. ಮಣ್ಣು ಮಾಡಿ ಬಂದ ಮೇಲೆ ನಾನೇ ಅದನ್ನು ಸರಿಯಾಗಿಟ್ಟೆ. ಮನೆಯಲ್ಲಿ ನೋಡುವವಳು ಈಗ ನಾನೊಬ್ಬಳೇ.

ಅಮ್ಮನ ಸಾಮಾನು ಎತ್ತಿಡುವಾಗ ಅಪ್ಪನ ತಗಡಿನ ಪೆಟ್ಟಿಗೆಯನ್ನೂ ಇಳಿಸಿ ಒರೆಸಿದೆ. ಹೇಂಟೆಯಂತೆ ಕೂಗಿ ಗಂಡು ಟರ್ಕಿಕೋಳಿಯನ್ನು ಕರೆಯುವ ಅವನ ಪೀಪಿಗಳು ಅದರೊಳಗಿವೆ. ದೇವದಾರಿನ ಕೂಗುಪೆಟ್ಟಿಗೆಯ ಉಜ್ಜುವ ಮುಚ್ಚಳ ಸ್ವಲ್ಪ ಸೊಟ್ಟಗಾಗಿದೆ, ಆದರೆ ದನಿ ಹೋಗಿಲ್ಲ. ನೀನೊಮ್ಮೆ ಅದಕ್ಕೆ ಎಣ್ಣೆಯಂಶವಿದ್ದ ನೀಲಿ ಸೀಮೆಸುಣ್ಣ ಉಜ್ಜಿ, ಅದು ಬಾಯಿ ಕಟ್ಟಿದ ಕಪ್ಪೆಯ ಹಾಗೆ ವಟಗುಟ್ಟಿ, ಅಪ್ಪ ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದು ನೆನಪಿದೆಯೆ? ಪೀಪಿ ಕೊಳ್ಳಲು ಅಂಗಡಿಗೆ ಹೋದರೆ ಅವನು ತಾನು ಬಾರಿಸಿ ನೋಡುತ್ತಲೇ ಇರಲಿಲ್ಲ. ಅಂಗಡಿಯವನ ಕೈಗೆ ಕೊಟ್ಟು ತಾನು ರಸ್ತೆ ದಾಟಿ ಬೇಲಿಯ ಆಚೆ ನಿಂತು ಕಣ್ಣು ಮುಚ್ಚುತ್ತಿದ್ದ. “ನಿನ್ ಕಿವಿಗೆ ಚೆನ್ನಾಗಿ ಕೇಳಿದ್ರೆ ಏನ್ ಬಂತು? ಕೇಳ್ಬೇಕಾದೋನು ಆಚೆ ಗುಡ್ಡದಲ್ಲಿದ್ದಾನೆ” ಅನ್ನುತ್ತಿದ್ದ. ಬಾಯಿಪೀಪಿಗಳನ್ನು ಈಗಲೂ ತೊಳೆದು, ರಬ್ಬರ್ ಪೊರೆಗಳು ಅಂಟದ ಹಾಗೆ ನಡುವೆ ಹಲ್ಲುಕಡ್ಡಿ ಸಿಕ್ಕಿಸಿ ಫ್ರಿಜ್ಜಿನಲ್ಲೇ ಇಡುತ್ತೇನೆ. “ನನ್ ಬೆಣ್ಣೆ ಪಕ್ಕ ನಿಮ್ ಎಂಜಲು ಇಡಬ್ಯಾಡ್ರೋ” ಎಂದು ಬೈಯುತ್ತಿದ್ದ ಅಮ್ಮ ಇಲ್ಲ. ಬೆಣ್ಣೆಯೂ ಇಲ್ಲ ಅನ್ನು.

ಅವುಗಳನ್ನು ಇಟ್ಟುಕೊಂಡು ಏನು ಮಾಡುತ್ತೀಯ ಎಂದು ನೀನು ಕೇಳಬಹುದು. ಮೂರು ಚಳಿಗಾಲ ದಿನವೂ ಅಭ್ಯಾಸ ಮಾಡಿದ್ದೇನೆ. ತುಟಿ ಕೂಡುವುದಿಲ್ಲ, ಎಡಗಡೆಯಿಂದ ಗಾಳಿ ಸೋರುತ್ತದೆ, ಜೊಲ್ಲು ಸುರಿಯುತ್ತದೆ. ಹೇಂಟೆ ಕೂಗಲು ಹೋದರೆ ಬಾತುಕೋಳಿ ಬರುತ್ತದೆ. ಜಿಲ್ಲೆಯ ಸ್ಪರ್ಧೆಯಲ್ಲಿ ನಾಲ್ಕು ಸಲ ಗೆದ್ದ ಬಾಯಿ ಇದು. ಆಮೇಲೆ ಕಡ್ಡಿಯಿಂದ ಗೀಚಿ ಕೂಗಿಸುವ ಸ್ಲೇಟು ಹಿಡಿದೆ. ಉಪ್ಪುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿ, ಬೆರಳಿನ ಜಿಡ್ಡು ತಾಗದ ಹಾಗೆ ನೋಡಿಕೊಂಡು, ಕಡ್ಡಿಯ ತುದಿಯನ್ನೂ ಒರಟು ಮಾಡಿಕೊಂಡೆ. ಆದರೆ ಅದನ್ನು ಬೆರಳತುದಿಯಲ್ಲಿ ಎತ್ತಿ ಹಿಡಿಯಬೇಕು. ನನ್ನ ಬೆರಳು ಅಂಗೈಯಂತೆ ಚಪ್ಪಟೆ ಬಿದ್ದು ದನಿಯನ್ನು ನುಂಗಿಬಿಡುತ್ತವೆ. ಕೊನೆಗೆ ಕೂಗುಪೆಟ್ಟಿಗೆಯೊಂದೇ ಉಳಿಯಿತು. ಮಂಡಿಯ ನಡುವೆ ಒತ್ತಿಟ್ಟುಕೊಂಡು ಮುಚ್ಚಳ ಎಳೆಯುತ್ತೇನೆ. ಅದು ಸರಿಯಾಗಿಯೇ ಬರುತ್ತದೆ. ಅಂಗಳದಲ್ಲಿ ಬರುತ್ತದೆ, ಕಾರಿನೊಳಗೂ ಬರುತ್ತದೆ. ಕಾಡಿಗೆ ಕಾಲಿಟ್ಟರೆ ಮಾತ್ರ ಮುಚ್ಚಳ ಜಾರಿ ಪೆಟ್ಟಿಗೆ ಕಿರುಚುತ್ತದೆ. ಹೋದ ವಸಂತದಲ್ಲಿ ಹಳೇ ಗರಗಸದ ಗಿರಣಿಯ ತನಕ ಹೋಗಿ ತಿರುಗಿ ಬಂದೆ. ಆ ಕಣಿವೆಗೆ ಇಳಿಯಲಾಗಲಿಲ್ಲ. ನಾನು ಓಕ್ ಮರಕ್ಕೆ ಒರಗಿ ಕೂತು ಕೂಗುತ್ತಿದ್ದದ್ದು, ನೀನು ಪೊದೆಯಲ್ಲಿ ಏನೋ ಅಲ್ಲಾಡಿದ್ದನ್ನು ಟರ್ಕಿ ಎಂದು ತಿಳಿದು ನಲವತ್ತು ಹೆಜ್ಜೆಯಿಂದ ಗುಂಡು ಬಿಟ್ಟದ್ದು, ಬಂದೂಕು ಎಸೆದು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಒಂದೂವರೆ ಮೈಲಿ ಓಡಿದ್ದು, ದಾರಿಯುದ್ದಕ್ಕೂ “ಅಕ್ಕಾ ಮಾತಾಡೇ, ಅಕ್ಕಾ ಮಾತಾಡೇ” ಎಂದು ಅತ್ತದ್ದು, ಎಲ್ಲ ಅಲ್ಲೇ. ಬಾಯಿತುಂಬ ರಕ್ತವಿತ್ತು, ಹೇಗೆ ಮಾತಾಡಲಿ? ಓಡಿದ್ದು ಊರಲ್ಲಿ ಯಾರಿಗೂ ನೆನಪಿಲ್ಲ. ದನದ ಮೇವಿನ ಅಂಗಡಿಯ ಕಟ್ಟೆಯಲ್ಲಿ ನಿನಗೆ ‘ಅಕ್ಕನಿಗೆ ಗುಂಡಿಟ್ಟವನು’ ಎಂದೇ ಹೆಸರು. ಬೇಟೆಯ ಪರವಾನಗಿ ಕಿತ್ತುಕೊಂಡರು, ನಿನ್ನ ಕೈಹಿಡಿದ ಕಾರ್ಲಾ ತವರಿಗೆ ಹೋದಳು, ಎಲೆ ಉದುರುವ ಹೊತ್ತಿಗೆ ನೀನೂ ಹೇಳದೆ ಹೋದೆ.

ಹೋದ ಶನಿವಾರ ಹೋಬರ್ಟ್ ಚಿಕ್ಕಪ್ಪ ಬಲವಂತ ಮಾಡಿ ನನ್ನನ್ನು ಅಗ್ನಿಶಾಮಕದವರ ಶೆಡ್ಡಿಗೆ ಕರೆದುಕೊಂಡು ಹೋದ. ಬೇಟೆಯ ಸೀಸನ್ನಿಗೆ ಮುಂಚೆ ಹೊಸಬರಿಗೆ ಕೂಗು ಕಲಿಸಬೇಕಂತೆ. “ಬಾಯಿ ಹೋದ್ರೆ ಹೋಯ್ತು, ಕಿವಿ ಇದ್ಯಲ್ಲ. ಬಂದು ಬೈದಾದ್ರೂ ಕಲಿಸು” ಅಂದ. ಹನ್ನೊಂದು ಜನ ಬಂದಿದ್ದರು. ಕಾಫಿ ಇತ್ತು, ಹಣ್ಣು ತುಂಬಿ ಕರಿದ ಪೈ ಇತ್ತು. ಅಪ್ಪ ಹೇಳಿಕೊಟ್ಟದ್ದನ್ನೇ ಹೇಳಿದೆ: ಜಾಸ್ತಿ ಕೂಗಬೇಡಿ, ಹೇಂಟೆ ಒಂದು ಮಾತು ಹೇಳಿ ಕಾಯುತ್ತದೆ, ರಾಗಕ್ಕಿಂತ ಲಯ ಮುಖ್ಯ, ಪೆಟ್ಟಿಗೆಯನ್ನು ಜೇಬಿನಲ್ಲಿಡುವಾಗ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಹಾಕಿ, ಇಲ್ಲದಿದ್ದರೆ ನಡೆಯುವಾಗ ತಾನೇ ಕಿರುಗುಟ್ಟಿ ಕಾಡಿಗೆಲ್ಲ ಸುದ್ದಿ ಹೇಳುತ್ತದೆ. ನಕ್ಕರು. ನನಗೂ ಸ್ವಲ್ಪ ಹೊತ್ತು ಹಗುರವಾಗಿತ್ತು. ಕೊನೆಯಲ್ಲಿ ಮಾರ್ಗೊ ಎಂಬ ಹೆಂಗಸು, ಊರಿಗೆ ಹೊಸಬಳು, ನಮ್ಮ ಕಥೆ ಗೊತ್ತಿಲ್ಲದವಳು, ಕೈ ಎತ್ತಿದಳು. “ನಾವು ಕೂಗ್ತಾ ಇರುವಾಗ ಎದುರಿಗೆ ಇನ್ನೊಬ್ಬ ಬೇಟೆಗಾರ ಬರ್ತಿರೋದು ಕಂಡ್ರೆ ಏನ್ಮಾಡ್ಬೇಕು?” ಎಲ್ಲರೂ ನನ್ನ ಕೆನ್ನೆ ನೋಡಿದರು. ನಿಯಮ ಹೇಳಿದೆ: “ಕೂಗು ನಿಲ್ಲಿಸಿ. ಅಲ್ಲಾಡಬೇಡಿ, ಕೈ ಬೀಸಬೇಡಿ. ಮನುಷ್ಯರ ದನೀಲಿ ಜೋರಾಗಿ ಮಾತಾಡಿ.” ಅದಾದ ಮೇಲೆ ನಡೆದದ್ದನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ.

ಎಲ್ಲೇ ಇರು, ಒಂದು ಹೊತ್ತಾದರೂ ಬಿಸಿಯಾಗಿ ಉಣ್ಣು. ಒಬ್ಬನೇ ಕೂತು ಕುಡಿಯಬೇಡ. ದೇವರು ನಿನ್ನ ತಲೆ ಕಾಯಲಿ. ಚಿಕ್ಕಪ್ಪ ನಿನ್ನನ್ನು ಕೇಳಿದ ಎಂದು ಬರೆಯೋಣವೆಂದರೆ, ಅವನು ಕೇಳಲಿಲ್ಲ.

ಸದಾ ನಿನ್ನ ದಾರಿ ನೋಡುವ ಅಕ್ಕ,
ಟ್ರೆಸ್ಸಾ

ವಿ.ಸೂ.: ಅಂಚೆಯವನ ಗಾಡಿ ತಿರುವಿನಲ್ಲಿ ಕಾಣುತ್ತಿದೆ. ಬೇಗ ಹೇಳಿಬಿಡುತ್ತೇನೆ. ಆ ದಿನ ನೀನು ಬರುತ್ತಿದ್ದದ್ದು ನನಗೆ ಕಂಡಿತ್ತು ಲಾನಿ. ನಿನ್ನ ಟೋಪಿ, ಹೆಗಲು, ನಾನೇ ಹೊಲಿದ ಜೇಬು, ಎಲ್ಲ ಕಂಡಿತ್ತು. ಹಿಂದಿನ ಸಂಜೆ ಊಟದ ಮೇಜಿನಲ್ಲಿ ನೀನು “ನೂರು ಹೇಂಟೆ ನಡುವೆ ನೀನ್ ಕೂಗಿದ್ರೂ ನಂಗೆ ಗೊತ್ತಾಗುತ್ತೆ, ಬಿಡಕ್ಕಾ” ಎಂದು ಜಂಬ ಕೊಚ್ಚಿದ್ದೆ. ನಿನ್ನನ್ನು ಹತ್ತು ಹೆಜ್ಜೆಯ ತನಕ ಬರುವಂತೆ ಮಾಡಿ ನಗಬೇಕೆಂದಿದ್ದೆ. ಅದಕ್ಕೇ ಮತ್ತೆ ಕೂಗಿದೆ, ಮೆಲ್ಲಗೆ, ಮೂರು ಸಲ. ಹೇಂಟೆ ಕೆದಕಿದ ಹಾಗೆ ಕೈಯಿಂದ ತರಗೆಲೆ ಕೆದಕಿದೆ. ನೋಡದೆ ಹೊಡೆದದ್ದು ನಿನ್ನ ತಪ್ಪಿರಬಹುದು, ಹೊಡೆಸಿದವಳು ನಾನು. ಆಸ್ಪತ್ರೆಯಲ್ಲಿ ಅಧಿಕಾರಿ ಕೇಳಿದಾಗ ಬಾಯಿಗೆ ಪಟ್ಟಿ ಕಟ್ಟಿತ್ತು. ‘ಅವನು ಬಂದದ್ದು ನನಗೆ ಕಾಣಲಿಲ್ಲ’ ಎಂದು ನನ್ನ ಬಲಗೈಯಲ್ಲೇ ಬರೆದುಕೊಟ್ಟೆ. ಶನಿವಾರ ಶೆಡ್ಡಿನಲ್ಲಿ ಇದನ್ನೆಲ್ಲ ಎದ್ದು ನಿಂತು ಹೇಳಿದೆ. ಯಾರೂ ನಂಬಲಿಲ್ಲ ಕಣೋ. ಹೆಂಗಸರು ಕಣ್ಣೊರೆಸಿಕೊಂಡರು. ಚಿಕ್ಕಪ್ಪ ಬೆನ್ನು ಸವರಿ, “ಅವನ್ ಮೇಲೆ ನಿಂಗೆ ಎಷ್ಟು ಪ್ರಾಣ ಮಗಳೇ, ಅವನ್ ಪಾಪನೂ ನೀನೇ ಹೊರ್ತೀಯಲ್ಲ” ಅಂದ. ನಿನ್ನೆ ಚರ್ಚಿನಲ್ಲಿ ಪಾದ್ರಿ ನನ್ನನ್ನೇ ಹೆಸರು ಹೇಳಿ ಹೊಗಳಿದರು. ನಿಜಾನೇ ಹೇಳಿದ್ದು ಎಂದು ಕೂಗಿದೆ. ಆಮೆನ್ ಅಂದರು. ಇನ್ನು ಯಾರಿಗೆ ಹೇಳಲಿ? ನಂಬಬೇಕಾದವಳೊಬ್ಬಳಿದ್ದಳು. ಡಿಸೆಂಬರಿನಲ್ಲಿ ಅಮ್ಮ ಇದ್ದಕ್ಕಿದ್ದಂತೆ, ಹೆಸರು ಹೇಳದೆ, “ಅವನಿಗೆ ಕಣ್ಣಿರ್ಲಿಲ್ವೇನೇ?” ಎಂದು ನನ್ನನ್ನು ಕೇಳಿದಳು. ನಾನು ಅವಳ ಕಾಲು ಒತ್ತುತ್ತಲೇ ಇದ್ದೆ.